ಅರೆಕಾಲಿಕ ಪಿಎಚ್‌ಡಿ: ಕೊನೆಯ ಹನ್ನೆರಡು ತಿಂಗಳಲ್ಲಿ ಯಾವುದು ಮೊದಲು, ಯಾವುದು ನಂತರ

ಕ್ಷೇತ್ರಕಾರ್ಯ ಮುಗಿದಿರುತ್ತದೆ, ನಾಲ್ಕು ಅಧ್ಯಾಯ ಬರೆದಾಗಿರುತ್ತದೆ, ಲೇಖನಗಳೂ ಅಚ್ಚಾಗಿರುತ್ತವೆ. ಆದರೂ ಮಹಾಪ್ರಬಂಧ ಸಲ್ಲಿಕೆಯಾಗದೆ ವರ್ಷಗಳು ಕಳೆಯುತ್ತವೆ. ಪಾಠ ಮಾಡುತ್ತಲೋ ಕಚೇರಿ ನೋಡಿಕೊಳ್ಳುತ್ತಲೋ ಪಿಎಚ್‌ಡಿ ಮಾಡುವವರಲ್ಲಿ ಇದು ಮತ್ತೆ ಮತ್ತೆ ಕಾಣುವ ಸ್ಥಿತಿ. ಬಹುಪಾಲು ಪ್ರಕರಣಗಳಲ್ಲಿ ಕಾರಣ ಒಂದೇ: ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಉಳಿಸಿಕೊಂಡಿರುತ್ತಾರೆ. ಪೂರ್ಣಕಾಲಿಕ ವಿದ್ಯಾರ್ಥಿ ಒಂದು ಸಹಿಗಾಗಿ ಮೂರು ದಿನ ವಿಭಾಗದ ಬಾಗಿಲಲ್ಲಿ ಕಾಯಬಲ್ಲ. ಕೆಲಸದಲ್ಲಿರುವವರಿಗೆ ಅದು ಮೂರು ದಿನದ ರಜೆ. ಹಾಗಾಗಿ ಇಲ್ಲಿ ಅನುಕ್ರಮವೇ ಮುಖ್ಯ.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲಿ ಮಹಾಪ್ರಬಂಧ ಬರೆಯುತ್ತಿರುವ ಉದ್ಯೋಗಸ್ಥರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಶುಲ್ಕ, ಪ್ರತಿಗಳ ಸಂಖ್ಯೆ, ರಟ್ಟಿನ ಬಣ್ಣದಂಥವು ಒಂದೊಂದು ಕಡೆ ಒಂದೊಂದು ಥರ. ಅವಕ್ಕೆ ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌ಡಿ ನಿಯಮಾವಳಿಯೇ ಆಧಾರ. ಅದರ ಪ್ರತಿಯನ್ನು ಇವತ್ತೇ ಮುದ್ರಿಸಿಟ್ಟುಕೊಳ್ಳಿ.

## ಹಂತ 1: ಕೊನೆಯ ದಿನಾಂಕವನ್ನು ದಾಖಲೆಯಲ್ಲಿ ನೋಡಿ

ಮೊದಲು ತಿಳಿಯಬೇಕಾದ್ದು ನೀವು ಯಾವ ನಿಯಮಕ್ಕೆ ಒಳಪಡುತ್ತೀರಿ ಎಂಬುದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಈಗಿನ ಪಿಎಚ್‌ಡಿ ನಿಯಮಾವಳಿ ಜಾರಿಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕಿಂತ ಮೊದಲು ನೋಂದಣಿಯಾದವರಿಗೆ 2016ರ ಅಥವಾ ಅದಕ್ಕೂ ಹಿಂದಿನ 2009ರ ನಿಯಮವೇ ಅನ್ವಯ. ವ್ಯತ್ಯಾಸ ಸಣ್ಣದಲ್ಲ. 2016ರ ನಿಯಮದಡಿ ಮಾನ್ಯ ನಿಯತಕಾಲಿಕೆಯಲ್ಲಿ ಒಂದು ಲೇಖನ ಮತ್ತು ವಿಚಾರ ಸಂಕಿರಣಗಳಲ್ಲಿ ಎರಡು ಮಂಡನೆ ಕಡ್ಡಾಯ. 2022ರ ನಿಯಮದಲ್ಲಿ ಯುಜಿಸಿ ಮಟ್ಟದ ಈ ಕಡ್ಡಾಯವಿಲ್ಲ, ಆದರೆ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು. ಸಹೋದ್ಯೋಗಿಯ ಅನುಭವ ಕೇಳಿ ನಿರ್ಧರಿಸಬೇಡಿ, ಅವರ ನೋಂದಣಿ ವರ್ಷ ಬೇರೆ ಇರುತ್ತದೆ.

2022ರ ನಿಯಮದಂತೆ ಪ್ರವೇಶ ಪಡೆದ ದಿನದಿಂದ ಗರಿಷ್ಠ ಅವಧಿ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು, ಒಟ್ಟು 8 ವರ್ಷ ಮೀರುವಂತಿಲ್ಲ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇದರ ಮೇಲೆ 2 ವರ್ಷದ ರಿಯಾಯಿತಿ ಉಂಟು, ಆಗ ಒಟ್ಟು 10 ವರ್ಷ. ಮಹಿಳೆಯರು ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು. ಇವು ಯಾವುವೂ ತಾನಾಗಿ ಬರುವುದಿಲ್ಲ. ಅವಧಿ ಮುಗಿಯುವ ಮೊದಲೇ ಅರ್ಜಿ ಕೊಟ್ಟು, ಲಿಖಿತ ಆದೇಶ ಪಡೆಯಬೇಕು. ಅವಧಿ ಮುಗಿದ ಮೇಲೆ ಕೊಟ್ಟ ಅರ್ಜಿಗೆ ಬಲ ಇರುವುದಿಲ್ಲ.

ಈ ದಿನಾಂಕ ಸಿಕ್ಕ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಕೊನೆಯ ಒಂದು ತಿಂಗಳನ್ನು ಖಾಲಿ ಬಿಡಿ. ಅದರ ಹಿಂದಿನ ಮೂರು ತಿಂಗಳು ಕೊಲೊಕ್ವಿಯಂ (ಸಲ್ಲಿಕೆಗೆ ಮುಂಚಿನ ಮಂಡನೆ), ಸಿನಾಪ್ಸಿಸ್ (ಪ್ರಬಂಧದ ಸಾರಾಂಶ), ಮುದ್ರಣಕ್ಕೆ. ಅದಕ್ಕೂ ಹಿಂದಿನ ಎರಡು ತಿಂಗಳು ತಿದ್ದುಪಡಿ ಮತ್ತು ಸಾಮ್ಯತೆ ತಪಾಸಣೆಗೆ (ಬೇರೆ ಬರಹಗಳೊಂದಿಗೆ ಹೋಲಿಕೆ ಎಷ್ಟಿದೆ ಎಂದು ತಂತ್ರಾಂಶದಲ್ಲಿ ನೋಡುವುದು). ಉಳಿದದ್ದೇ ಬರವಣಿಗೆಯ ಕಾಲ: ಸುಮಾರು ಆರು ತಿಂಗಳು.

## ಹಂತ 2: ಕಾಗದಪತ್ರದ ಕಡತ ಮೊದಲು, ಅಧ್ಯಾಯ ಆಮೇಲೆ

ಬರವಣಿಗೆ ಬಾಕಿ ಇರುವಾಗ ಕಾಗದಪತ್ರಕ್ಕೆ ಓಡಾಡುವುದು ಸಮಯ ವ್ಯರ್ಥ ಎನ್ನಿಸುತ್ತದೆ. ಹಾಗಲ್ಲ. ಒಂದು ಕಾಗದ ಕಡಿಮೆ ಇದ್ದರೂ ಸಿನಾಪ್ಸಿಸ್ ಸ್ವೀಕರಿಸುವುದಿಲ್ಲ, ಮತ್ತು ಕಾಗದ ತರಲು ಬೇಕಾಗುವ ಕಾಲ ನಿಮ್ಮ ಕೈಯಲ್ಲಿಲ್ಲ. ಈ ದಾಖಲೆಗಳನ್ನು ಒಂದೇ ಕಡತದಲ್ಲಿಡಿ:

1. ಪ್ರವೇಶ ಮತ್ತು ನೋಂದಣಿ ಪತ್ರ, ಶೀರ್ಷಿಕೆ ಅನುಮೋದಿಸಿದ ಆದೇಶ
2. ಕೋರ್ಸ್‌ವರ್ಕ್ ಅಂಕಪಟ್ಟಿ
3. ಪ್ರತಿ ಆರು ತಿಂಗಳ ಪ್ರಗತಿ ವರದಿ, ಸಂಶೋಧನಾ ಸಲಹಾ ಸಮಿತಿಯ ಸಹಿಯೊಂದಿಗೆ
4. ಪ್ರತಿ ವರ್ಷದ ಶುಲ್ಕದ ಚಲನ್
5. ಉದ್ಯೋಗದಾತರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸರ್ಕಾರಿ ನೌಕರರಾದರೆ ಇಲಾಖೆಯ ಅನುಮತಿ ಆದೇಶ
6. ಲೇಖನ ಮತ್ತು ಮಂಡನೆಗಳ ಪ್ರಮಾಣಪತ್ರಗಳು

ಹೆಚ್ಚು ತೊಂದರೆ ಕೊಡುವುದು ಮೂರನೆಯದು ಮತ್ತು ಐದನೆಯದು. ಪ್ರಗತಿ ವರದಿಯನ್ನು ಸಂಶೋಧನಾ ಕೇಂದ್ರಕ್ಕೆ ಕೊಟ್ಟಿರುತ್ತೀರಿ, ಅದು ವಿಶ್ವವಿದ್ಯಾಲಯಕ್ಕೆ ತಲುಪಿರುವುದಿಲ್ಲ. ಪಿಎಚ್‌ಡಿ ವಿಭಾಗದಲ್ಲಿ ನಿಮ್ಮ ಹೆಸರಿನ ಕಡತ ತೆಗೆಸಿ, ಎಷ್ಟು ವರದಿ ಒಳಗಿವೆ ಎಂದು ಎಣಿಸಿ ಬನ್ನಿ. ಎನ್‌ಒಸಿಯಲ್ಲಿ ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಕರ್ತವ್ಯ ಅಡ್ಡಿಯಾಗುವುದಿಲ್ಲ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡಲಾಗುವುದು ಎಂಬ ಮೂರೂ ಮಾತು ಇರಬೇಕು. ನಡುವೆ ವರ್ಗಾವಣೆಯಾಗಿದ್ದರೆ ಅಥವಾ ಅತಿಥಿ ಉಪನ್ಯಾಸಕರಾಗಿ ಕಾಲೇಜು ಬದಲಾಗಿದ್ದರೆ ಹೊಸ ಎನ್‌ಒಸಿ ಬೇಕೇ ಎಂದು ಈಗಲೇ ಬರವಣಿಗೆಯಲ್ಲಿ ಕೇಳಿ.

ಅಕ್ಷರ ಅಕ್ಷರ ಹೋಲಿಸಿ ಎರಡು ಪರೀಕ್ಷೆ ಮಾಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ನಿಮ್ಮ ಹೆಸರೂ ನೋಂದಣಿ ಪತ್ರದ ಹೆಸರೂ ಇನಿಷಿಯಲ್ ಸಮೇತ ಒಂದೇ ಇರಬೇಕು. ಅನುಮೋದಿತ ಶೀರ್ಷಿಕೆ ಮತ್ತು ನೀವು ಬರೆಯುತ್ತಿರುವ ಶೀರ್ಷಿಕೆಯಲ್ಲಿ ಅಲ್ಪವಿರಾಮದ ವ್ಯತ್ಯಾಸವೂ ಇರಬಾರದು. ಶೀರ್ಷಿಕೆ ಬದಲಾಗಬೇಕಿದ್ದರೆ ಸಲಹಾ ಸಮಿತಿಯ ಮುಂದೆ ಈಗ ಇಡಿ. ಸಿನಾಪ್ಸಿಸ್ ಕೊಟ್ಟ ಮೇಲೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ.

ಏನೇ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಹೊರಗೆ ಬನ್ನಿ.

## ಹಂತ 3: ನುಡಿಯಲ್ಲಿ ಟೈಪಾದದ್ದನ್ನು ಯೂನಿಕೋಡ್‌ಗೆ ತನ್ನಿ

ಕನ್ನಡ ಮಹಾಪ್ರಬಂಧಗಳು ಕೊನೆಯ ತಿಂಗಳಲ್ಲಿ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಐದಾರು ವರ್ಷದ ಬರವಣಿಗೆಯಲ್ಲಿ ಒಂದು ಅಧ್ಯಾಯ ನುಡಿ ತಂತ್ರಾಂಶದಲ್ಲಿ, ಒಂದು ಬರಹ ತಂತ್ರಾಂಶದಲ್ಲಿ, ಇನ್ನೊಂದು ಮೊಬೈಲಿನಲ್ಲಿ ಟೈಪಾಗಿರುತ್ತದೆ. ಹಳೆಯ ನುಡಿ ಮತ್ತು ಬರಹದ ಆಸ್ಕಿ ಫಾಂಟುಗಳು ಪರದೆಯ ಮೇಲೆ ಕನ್ನಡ ತೋರಿಸಿದರೂ ಒಳಗೆ ಉಳಿಸುವುದು ಇಂಗ್ಲಿಷ್ ಸಂಕೇತಗಳನ್ನು. ಸಾಮ್ಯತೆ ತಪಾಸಣೆಯ ತಂತ್ರಾಂಶಕ್ಕೆ ಅದು ಕನ್ನಡವಾಗಿ ಕಾಣುವುದೇ ಇಲ್ಲ. ಹುಡುಕಾಟ, ಅಕಾರಾದಿ ವಿಂಗಡಣೆ ಯಾವುದೂ ನಡೆಯುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವುದರಿಂದ ಈ ತೊಂದರೆ ಇಲ್ಲ.

ಪರೀಕ್ಷೆ ಸುಲಭ. ಒಂದು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡವೇ ಬಂದರೆ ಯೂನಿಕೋಡ್. ಚುಕ್ಕೆ, ಗೀಟು ಹತ್ತಿದ ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಆಸ್ಕಿ.

ಪರಿವರ್ತನೆಯನ್ನು ಒಂದೊಂದೇ ಅಧ್ಯಾಯವಾಗಿ, ಮೂಲ ಕಡತವನ್ನು ಬೇರೆ ಇಟ್ಟು ಮಾಡಿ. ಪಠ್ಯವನ್ನು ಅಂಟಿಸಿ ಪರಿವರ್ತಿಸುವ ಸಾಧನಗಳಲ್ಲಿ ಮೂರು ನಷ್ಟ ಖಚಿತ: ಅಡಿಟಿಪ್ಪಣಿಗಳು ಕಳಚುತ್ತವೆ, ದಪ್ಪ ಮತ್ತು ಓರೆ ಅಕ್ಷರ ಹೋಗುತ್ತವೆ, ಕೋಷ್ಟಕಗಳು ಒಡೆಯುತ್ತವೆ. ಜೊತೆಗೆ ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಾಗುತ್ತವೆ. ಆದ್ದರಿಂದ ಪರಿವರ್ತನೆಗೆ ಮೊದಲು ಮೂಲ ಪ್ರತಿಯನ್ನು ಮುದ್ರಿಸಿಕೊಂಡು, ಅಡಿಟಿಪ್ಪಣಿ ಮತ್ತು ಇಂಗ್ಲಿಷ್ ಇರುವ ಕಡೆ ಕೆಂಪು ಗುರುತು ಹಾಕಿ.

ಪರಿವರ್ತನೆಯ ನಂತರ ಕಣ್ಣು ಹಾಯಿಸಬೇಕಾದ ಜಾಗಗಳು:

- ಮೂರು ವ್ಯಂಜನ ಕೂಡಿದ ಪದಗಳು: ರಾಷ್ಟ್ರ, ಶಾಸ್ತ್ರ, ಸ್ತ್ರೀ
- ಅರ್ಕಾವತ್ತು ಬರುವ ಪದಗಳು: ಧರ್ಮ, ವರ್ಗ, ಕಾರ್ಯ
- ಅಕ್ಷರದಿಂದ ಕಳಚಿ ನಿಂತ ದೀರ್ಘದ ಚಿಹ್ನೆ
- ಅನುಸ್ವಾರದ ಜಾಗದಲ್ಲಿ ಅಂಕಿ

ಕೊನೆಯದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅಪಾಯ. ಅನುಸ್ವಾರ ಟೈಪಿಸುವ ಬದಲು ಕನ್ನಡದ ಅಂಕಿ ೦ ಹಾಕಿದರೆ ಮುದ್ರಣದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಯಂತ್ರಕ್ಕೆ ಮಾತ್ರ ಆ ಪದವೇ ಬೇರೆ. ವರ್ಡ್‌ನ ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ೦ ಅಂಕಿಯನ್ನು ಹುಡುಕಿ, ಒಂದೊಂದೇ ನೋಡಿ ಬದಲಿಸಿ. ಒಮ್ಮೆಗೇ ಎಲ್ಲ ಬದಲಿಸಿದರೆ ಕನ್ನಡ ಅಂಕಿಯಲ್ಲಿ ಬರೆದ ಇಸವಿ, ಪುಟಸಂಖ್ಯೆಗಳೂ ಕೆಡುತ್ತವೆ.

ವರ್ಡ್‌ನಲ್ಲಿ ಕನ್ನಡಕ್ಕೆ ಅಕ್ಷರ ಗಾತ್ರ ಬದಲಿಸಿದರೂ ಬದಲಾಗದಿದ್ದರೆ ಸ್ಟೈಲ್‌ನ ಫಾಂಟ್ ಪೆಟ್ಟಿಗೆಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಭಾಗ ನೋಡಿ. ಕನ್ನಡದ ಫಾಂಟೂ ಗಾತ್ರವೂ ಅಲ್ಲಿ ನಿರ್ಧಾರವಾಗುತ್ತವೆ. ಇಡೀ ಪ್ರಬಂಧಕ್ಕೆ ಒಂದೇ ಯೂನಿಕೋಡ್ ಫಾಂಟ್ ಸಾಕು.

## ಹಂತ 4: ಅಧ್ಯಾಯಗಳನ್ನು ಮುಗಿಸುವ ಕ್ರಮ

ಹೊಸ ಪುಸ್ತಕ, ಹೊಸ ಸಂದರ್ಶನ ಇಲ್ಲಿಗೆ ನಿಲ್ಲಲಿ. ಒಂದು ಹಾಳೆಯ ಎಡಕ್ಕೆ ನೋಂದಣಿಯ ಸಮಯದಲ್ಲಿ ಬರೆದುಕೊಟ್ಟ ಸಂಶೋಧನಾ ಉದ್ದೇಶಗಳನ್ನು ಬರೆಯಿರಿ. ಬಲಕ್ಕೆ ಪ್ರತಿ ಉದ್ದೇಶಕ್ಕೆ ಯಾವ ಅಧ್ಯಾಯದ ಯಾವ ಪುಟದಲ್ಲಿ ಉತ್ತರವಿದೆ ಎಂದು ತುಂಬಿ. ಬಲಭಾಗ ಖಾಲಿ ಉಳಿದ ಉದ್ದೇಶವೇ ನಿಮ್ಮ ಬಾಕಿ ಕೆಲಸ. ಎಡಭಾಗದಲ್ಲಿಲ್ಲದ ವಿಷಯಕ್ಕೆ ಮೂವತ್ತು ಪುಟ ಹೋಗಿದ್ದರೆ ಅದನ್ನು ತೆಗೆದು ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ. ಇದು ಮನಸ್ಸಿಗೆ ಕಷ್ಟ ಕೊಡುವ ಕೆಲಸ, ಆದರೆ ಪರೀಕ್ಷಕರು ಪ್ರಬಂಧವನ್ನು ಅಳೆಯುವುದು ಈ ಹಾಳೆಯಿಂದಲೇ.

ಬರೆಯುವ ಕ್ರಮ ಹೀಗಿರಲಿ: ಮೊದಲು ವಿಶ್ಲೇಷಣೆಯ ಅಧ್ಯಾಯಗಳು, ನಂತರ ಸಮಾರೋಪ, ಆಮೇಲೆ ಪೂರ್ವ ಅಧ್ಯಯನಗಳ ಸಮೀಕ್ಷೆಯ ತಿದ್ದುಪಡಿ, ಕೊನೆಗೆ ಪ್ರಸ್ತಾವನೆ. ನಾಲ್ಕು ವರ್ಷದ ಹಿಂದೆ ಬರೆದ ಪ್ರಸ್ತಾವನೆಯನ್ನು ಹಾಗೇ ಉಳಿಸುವುದು ಬಹಳ ಸಾಮಾನ್ಯವಾದ ತಪ್ಪು. ಅದರಲ್ಲಿ ‘ಮಾಡಲಾಗುವುದು’ ಎಂದಿದ್ದ ಕ್ರಿಯಾಪದಗಳು ಈಗ ‘ಮಾಡಲಾಗಿದೆ’ ಆಗಬೇಕು. ಮಾಡದೇ ಬಿಟ್ಟದ್ದನ್ನು ಅಧ್ಯಯನದ ಮಿತಿ ಎಂದು ಹೇಳಬೇಕು.

ಸಮಯದ ಲೆಕ್ಕ ಪ್ರಾಮಾಣಿಕವಾಗಿರಲಿ. 250 ಪುಟದ ಪ್ರಬಂಧದ ಕರಡು ತಿದ್ದಲು ಗಂಟೆಗೆ 8 ಪುಟವೆಂದರೂ 31 ಗಂಟೆ ಬೇಕು. ವಾರಕ್ಕೆ 8 ಗಂಟೆ ಸಿಗುವವರಿಗೆ ಒಂದು ಸುತ್ತಿಗೇ ನಾಲ್ಕು ವಾರ. ಕನಿಷ್ಠ ಎರಡು ಸುತ್ತು ಬೇಕು. ಗಳಿಕೆ ರಜೆ ಇದ್ದರೆ ಅದನ್ನು ಬರವಣಿಗೆಯ ಆರಂಭಕ್ಕೆ ಖರ್ಚು ಮಾಡದೆ ಈ ಕರಡು ತಿದ್ದುವ ಕಾಲಕ್ಕೂ ಸಲ್ಲಿಕೆಯ ವಾರಕ್ಕೂ ಉಳಿಸಿ. ಹೊಸದಾಗಿ ಬರೆಯುವುದು ಬೆಳಗಿನ ಒಂದೂವರೆ ಗಂಟೆಯಲ್ಲೂ ಸಾಗುತ್ತದೆ. ಇಡೀ ಪ್ರಬಂಧವನ್ನು ಒಟ್ಟಾಗಿ ಹಿಡಿದು ನೋಡಲು ಮಾತ್ರ ಸತತ ದಿನಗಳು ಬೇಕು.

ಗ್ರಂಥಋಣವನ್ನು ಕಾಗದದ ಮೇಲೆ ಮುದ್ರಿಸಿ, ಪ್ರತಿ ಅಡಿಟಿಪ್ಪಣಿಯನ್ನೂ ಅದರಲ್ಲಿ ಹುಡುಕಿ ಟಿಕ್ ಹಾಕಿ. ಟಿಕ್ ಇಲ್ಲದ ಪುಸ್ತಕ ಉಲ್ಲೇಖವಾಗಿಲ್ಲ ಎಂದರ್ಥ, ಪಟ್ಟಿಯಲ್ಲಿಲ್ಲದ ಅಡಿಟಿಪ್ಪಣಿ ಸೇರಿಸಬೇಕೆಂದರ್ಥ. ಲೇಖಕರ ಹೆಸರಿನಲ್ಲಿ ಕಾವ್ಯನಾಮವೋ ಪೂರ್ಣ ಹೆಸರೋ, ಇನಿಷಿಯಲ್ ಮೊದಲೋ ಕೊನೆಗೋ, ಒಂದೇ ಕ್ರಮ ಇರಲಿ. ಕೃತಕ ಬುದ್ಧಿಮತ್ತೆಯ ಸಾಧನ ಕೊಟ್ಟ ಉಲ್ಲೇಖವಿದ್ದರೆ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟ ನೋಡುವವರೆಗೆ ಪಟ್ಟಿಗೆ ಸೇರಿಸಬೇಡಿ. ಇಂಥ ಸಾಧನಗಳು ಇಲ್ಲದ ಪುಸ್ತಕಗಳನ್ನೂ ಇದ್ದಂತೆ ಬರೆದುಕೊಡುತ್ತವೆ.

## ಹಂತ 5: ಮಾರ್ಗದರ್ಶಕರ ಜೊತೆ ದಿನ ಗೊತ್ತು ಮಾಡಿಕೊಳ್ಳಿ

ಇಡೀ ಪ್ರಬಂಧವನ್ನು ಒಮ್ಮೆಗೇ ಕೊಟ್ಟು ‘ಸರ್, ನೋಡಿ’ ಎಂದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಮೂರು ವಾರಕ್ಕೊಂದು ಅಧ್ಯಾಯ, ಮೊದಲ ಪುಟದಲ್ಲಿ ‘ಈ ಸಲ ಇಂಥದ್ದು ಬದಲಾಗಿದೆ, ಇಂಥ ಎರಡು ಜಾಗದಲ್ಲಿ ನಿಮ್ಮ ಅಭಿಪ್ರಾಯ ಬೇಕು’ ಎಂಬ ಒಂದು ಟಿಪ್ಪಣಿ, ಮುಂದಿನ ಭೇಟಿಯ ದಿನಾಂಕ. ಇಷ್ಟಿದ್ದರೆ ಕೆಲಸ ಸಾಗುತ್ತದೆ. ಭೇಟಿ ಮುಗಿದ ದಿನವೇ ಒಪ್ಪಿಕೊಂಡ ವಿಷಯಗಳನ್ನು ಇಮೇಲ್‌ನಲ್ಲಿ ನಾಲ್ಕು ಸಾಲು ಬರೆದು ಕಳಿಸಿ.

ಗೈಡ್ ನಿವೃತ್ತಿ ಯಾವಾಗ ಎಂದು ಕೇಳಲು ಹಿಂಜರಿಯಬೇಡಿ. 2022ರ ನಿಯಮದಂತೆ ನಿವೃತ್ತಿಯ ನಂತರ ಅವರು ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು, ಅದೂ 70 ವರ್ಷ ತುಂಬುವವರೆಗೆ. ಅಂದರೆ ಇನ್ನೊಬ್ಬ ಮಾರ್ಗದರ್ಶಕರ ನೇಮಕ ಆಗಬೇಕು. ಆ ಬದಲಾವಣೆಯ ಆದೇಶವಿಲ್ಲದೆ ಪ್ರಮಾಣಪತ್ರದ ಪುಟಕ್ಕೆ ಯಾರ ಸಹಿ ಹಾಕಿಸುವುದು ಎಂಬಲ್ಲೇ ಸಲ್ಲಿಕೆ ನಿಲ್ಲುತ್ತದೆ.

ಎಚ್ಚರಿಕೆಯ ಸೂಚನೆ: ಎರಡು ತಿಂಗಳಿಂದ ಒಂದೇ ಅಧ್ಯಾಯ ಹಿಂದೆ ಮುಂದೆ ಓಡಾಡುತ್ತಿದೆ, ಪ್ರತಿ ಸಲ ತಿದ್ದುಪಡಿ ಭಾಷೆಯದ್ದೇ ಆಗಿದೆ. ಹಾಗಾದರೆ ಆ ಅಧ್ಯಾಯ ಮುಗಿದಿದೆ, ಮುಂದಿನದನ್ನು ಕೊಡಿ.

## ಹಂತ 6: ಸಾಮ್ಯತೆ ತಪಾಸಣೆಯನ್ನು ಎರಡು ಸಲ ಮಾಡಿಸಿ

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಶೇ. 10ರವರೆಗಿನ ಸಾಮ್ಯತೆಗೆ ದಂಡವಿಲ್ಲ. ಶೇ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40ರಿಂದ 60 ಇದ್ದರೆ ಒಂದು ವರ್ಷದವರೆಗೆ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಆಕರ ಸೂಚಿಸಿದ ಉಲ್ಲೇಖಗಳು, ಗ್ರಂಥಋಣ, ಪರಿವಿಡಿ, ಕೃತಜ್ಞತೆ, ಕಾನೂನಿನ ಪಠ್ಯ, ಸತತ 14 ಪದಗಳವರೆಗಿನ ಕಾಕತಾಳೀಯ ಹೊಂದಿಕೆ ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ತಪಾಸಣೆ ಸಲ್ಲಿಕೆಗೆ ನಾಲ್ಕೈದು ತಿಂಗಳಿರುವಾಗ, ತಿದ್ದಿಕೊಳ್ಳುವುದಕ್ಕಾಗಿ. ಎರಡನೆಯದು ಪ್ರಮಾಣಪತ್ರಕ್ಕಾಗಿ. ಎರಡನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಮಾಡಿಸಿ. ಮೊದಲ ಸಲ ಕೊಡುವಾಗ ‘ಇದನ್ನು ತಂತ್ರಾಂಶದ ಸಂಗ್ರಹಕ್ಕೆ ಸೇರಿಸಬೇಡಿ’ ಎಂದು ಹೇಳಿ. ಸೇರಿಸಿಬಿಟ್ಟರೆ ಎರಡನೆಯ ಸಲ ನಿಮ್ಮ ಪ್ರಬಂಧ ನಿಮ್ಮದೇ ಹಳೆಯ ಪ್ರತಿಯೊಂದಿಗೆ ಹೊಂದಿಕೆಯಾಗಿ ಶೇಕಡಾವಾರು ಏರುತ್ತದೆ. ಉಚಿತ ಜಾಲತಾಣಗಳಿಗೆ ಇಡೀ ಪ್ರಬಂಧವನ್ನು ಏರಿಸುವುದು ಇದೇ ಕಾರಣಕ್ಕೆ ಬೇಡ.

ವಚನ, ಶಾಸನಪಾಠ, ಜನಪದ ಗೀತೆ, ಕಾವ್ಯಭಾಗ ಹೆಚ್ಚಿರುವ ಪ್ರಬಂಧಗಳಲ್ಲಿ ಅಂಕಿ ಸಹಜವಾಗಿ ಏರುತ್ತದೆ. ಇಂಥ ಭಾಗಗಳನ್ನು ಕೇವಲ ಒಳಕ್ಕೆ ತಳ್ಳಿ ಬರೆದರೆ ತಂತ್ರಾಂಶಕ್ಕೆ ಉಲ್ಲೇಖ ಎಂದು ಗೊತ್ತಾಗದಿರಬಹುದು, ಉದ್ಧರಣ ಚಿಹ್ನೆಯನ್ನೂ ಆಕರವನ್ನೂ ಕೊಡಿ. ಉದ್ದನೆಯ ಮೂಲಪಾಠವನ್ನು ಅನುಬಂಧಕ್ಕೆ ಸಾಗಿಸಿ. ನಿಮ್ಮದೇ ಪ್ರಕಟಿತ ಲೇಖನದ ಭಾಗ ಬಂದಿದ್ದರೆ ಅಧ್ಯಾಯದ ಮೊದಲ ಅಡಿಟಿಪ್ಪಣಿಯಲ್ಲಿ ಹೇಳಿ, ಅಂಥ ಲೇಖನಗಳ ಪಟ್ಟಿಗೆ ಗೈಡ್ ದೃಢೀಕರಣ ಪತ್ರ ಬೇಕೇ ಎಂದು ಗ್ರಂಥಾಲಯದಲ್ಲಿ ಕೇಳಿ.

ಪದ ಬದಲಿಸಿ ಶೇಕಡಾವಾರು ಇಳಿಸುವ ದಾರಿ ಹಿಡಿಯಬೇಡಿ. ‘ಸಮಾಜ’ ಇದ್ದಲ್ಲಿ ‘ಸಮುದಾಯ’ ಎಂದು ಹಾಕಿದರೆ ಅರ್ಥವೇ ಬದಲಾಗುತ್ತದೆ. ಆ ಪ್ಯಾರಾವನ್ನು ಮುಚ್ಚಿಟ್ಟು, ನೀವು ತಿಳಿದದ್ದನ್ನು ಹೊಸದಾಗಿ ಬರೆದು ಆಕರ ಕೊಡಿ. ಇಂಗ್ಲಿಷ್ ಪುಸ್ತಕದಿಂದ ಕನ್ನಡಕ್ಕೆ ತಂದು ಆಕರ ಹೇಳದಿದ್ದರೆ ಅದೂ ಕೃತಿಚೌರ್ಯವೇ. ಯಂತ್ರ ಹಿಡಿಯದೇ ಹೋದರೂ ಆ ಕ್ಷೇತ್ರ ಬಲ್ಲ ಪರೀಕ್ಷಕರು ಹಿಡಿಯುತ್ತಾರೆ.

## ಹಂತ 7: ಕೊಲೊಕ್ವಿಯಂ ಮತ್ತು ಸಿನಾಪ್ಸಿಸ್

ಸಲ್ಲಿಕೆಗೆ ಮೊದಲು ಸಲಹಾ ಸಮಿತಿಯ ಮುಂದೆ, ಅಧ್ಯಾಪಕರಿಗೂ ಇತರ ಸಂಶೋಧಕರಿಗೂ ಮುಕ್ತವಾದ ಸಭೆಯಲ್ಲಿ ಮಂಡನೆ ಮಾಡಬೇಕು. ಪ್ರಬಂಧದ ಪೂರ್ಣ ಕರಡು ಇಲ್ಲದೆ ಈ ದಿನಾಂಕ ಕೇಳಬೇಡಿ. ಬಂದ ಪ್ರತಿ ಸಲಹೆಯನ್ನೂ ಬರೆದುಕೊಳ್ಳಲು ಒಬ್ಬ ಗೆಳೆಯರನ್ನು ಕೂರಿಸಿ. ನಂತರ ಮೂರು ಕಾಲಮಿನ ಕೋಷ್ಟಕ ಮಾಡಿ: ಸಲಹೆ, ಮಾಡಿದ ತಿದ್ದುಪಡಿ, ಪುಟಸಂಖ್ಯೆ. ಒಪ್ಪದ ಸಲಹೆಗೆ ಎರಡು ಸಾಲಿನ ಕಾರಣ.

ಸಿನಾಪ್ಸಿಸ್ ಕೊಟ್ಟ ದಿನದಿಂದ ಪ್ರಬಂಧ ಸಲ್ಲಿಸಲು ನಿಮ್ಮ ವಿಶ್ವವಿದ್ಯಾಲಯ ಎಷ್ಟು ತಿಂಗಳು ಕೊಡುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಅವಧಿ ಮುಗಿಯುತ್ತಿದೆ ಎಂಬ ಭಯಕ್ಕೆ ಅರ್ಧ ಬರೆದ ಪ್ರಬಂಧದ ಸಿನಾಪ್ಸಿಸ್ ಕೊಟ್ಟರೆ ಎರಡು ಗಡುವುಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಸಾಮಾನ್ಯವಾಗಿ ಇದೇ ಹೊತ್ತಿಗೆ ಗೈಡ್ ಪರೀಕ್ಷಕರ ಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಬೇಕು. ಹೆಸರುಗಳನ್ನು ನೀವು ತಿಳಿಯಬೇಕಿಲ್ಲ. ಲಕೋಟೆ ಹೋಯಿತೇ ಎಂದಷ್ಟೇ ಕೇಳಿ.

## ಹಂತ 8: ಪುಟ ಜೋಡಣೆ, ಪಿಡಿಎಫ್, ಬೈಂಡಿಂಗ್

ನಿಯಮಾವಳಿ ಬೇರೆ ಹೇಳದಿದ್ದರೆ ಎ4 ಅಳತೆ, ಬೈಂಡಿಂಗ್ ಇರುವ ಎಡಕ್ಕೆ ಒಂದೂವರೆ ಇಂಚು ಅಂಚು, ಉಳಿದ ಮೂರು ಕಡೆ ಒಂದು ಇಂಚು, ಸಾಲಿನ ಅಂತರ 1.5. ಅಧ್ಯಾಯ ಶೀರ್ಷಿಕೆಗಳಿಗೆ ವರ್ಡ್‌ನ ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ. ಕೈಯಿಂದ ಟೈಪಿಸಿದ ಪರಿವಿಡಿಯಲ್ಲಿ ಪುಟಸಂಖ್ಯೆ ತಪ್ಪದೇ ಇರುವುದು ಅಪರೂಪ. ಪ್ರಮಾಣಪತ್ರ, ಘೋಷಣೆ, ಕೃತಜ್ಞತೆಯ ಪುಟಗಳಿಗೆ ರೋಮನ್ ಅಂಕಿ ಬೇಕಿದ್ದರೆ ಅವುಗಳ ನಂತರ ಸೆಕ್ಷನ್ ಬ್ರೇಕ್ ಹಾಕಿ.

ವರ್ಡ್ ಕಡತವನ್ನು ಡಿಟಿಪಿ ಅಂಗಡಿಗೆ ಒಯ್ಯಬೇಡಿ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಬೇರೆ ಫಾಂಟ್ ಕೂತು, 248 ಪುಟ 261 ಆಗಿ, ಪರಿವಿಡಿ ಪೂರ್ತಿ ತಪ್ಪಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಅದರ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಹೆಸರಿನ ಮುಂದೆ ‘ಎಂಬೆಡೆಡ್’ ಎಂದಿರುವುದನ್ನು ನೋಡಿಕೊಳ್ಳಿ. ಮೊದಲು ಒಂದೇ ಪ್ರತಿ ಮುದ್ರಿಸಿ, ಪುಟ ಪುಟ ತಿರುವಿ. ಕೋಷ್ಟಕ ಅಂಚಿನಿಂದ ಹೊರಗೆ ಹೋಗಿದೆಯೇ, ನಕ್ಷೆಯ ಬಣ್ಣ ಕಪ್ಪುಬಿಳುಪಿನಲ್ಲಿ ತಿಳಿಯುತ್ತದೆಯೇ ನೋಡಿ. ಆಮೇಲೆ ಉಳಿದ ಪ್ರತಿಗಳು.

ಸಹಿ ಬೇಕಾದ ಪುಟಗಳನ್ನು ಬೈಂಡಿಂಗ್‌ಗೆ ಮೊದಲೇ, ಎರಡು ಪ್ರತಿ ಹೆಚ್ಚಾಗಿ ಮುದ್ರಿಸಿ ಸಹಿ ಮಾಡಿಸಿ. ಗ್ರಂಥಾಲಯ, ವಿಭಾಗ, ವಿದ್ಯಾರ್ಥಿನಿಲಯದ ಬೇಬಾಕಿ ಪತ್ರಕ್ಕೆ ಪ್ರತ್ಯೇಕ ಒಂದು ದಿನ ಇಟ್ಟುಕೊಳ್ಳಿ. ವಾರದ ಮೊದಲ ದಿನವೇ ಹೋದರೆ ಸಹಿ ಮಾಡುವವರು ರಜೆಯಲ್ಲಿದ್ದರೂ ಉಳಿದ ದಿನಗಳು ಸಿಗುತ್ತವೆ.

## ಹಂತ 9: ಸಲ್ಲಿಸಿದ ಮೇಲೆ

ಪ್ರಬಂಧ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. 2022ರ ನಿಯಮದಂತೆ ಇಡೀ ಮೌಲ್ಯಮಾಪನ ಆರು ತಿಂಗಳಲ್ಲಿ ಮುಗಿಯಬೇಕು. ತಡವಾಗುವುದು ಬಹುತೇಕ ಮೊದಲ ಹೆಜ್ಜೆಯಲ್ಲಿ: ಪರೀಕ್ಷಕರು ಒಪ್ಪಿಗೆ ಕಳಿಸಿರುವುದಿಲ್ಲ, ಮುಂದಿನ ಹೆಸರಿಗೆ ಯಾರೂ ಪತ್ರ ಬರೆದಿರುವುದಿಲ್ಲ. ತಿಂಗಳಿಗೊಮ್ಮೆ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ನೋಂದಣಿ ಸಂಖ್ಯೆ ಹಾಕಿ ವಿನಯದಿಂದ ಪತ್ರ ಬರೆಯಿರಿ. ಒಬ್ಬ ಹೊರ ಪರೀಕ್ಷಕರ ವರದಿ ಪ್ರತಿಕೂಲವಾದರೆ ಪ್ರಬಂಧ ಇನ್ನೊಬ್ಬರಿಗೆ ಹೋಗುತ್ತದೆ. ಅವರೂ ಒಪ್ಪದಿದ್ದರೆ ಮಾತ್ರ ತಿರಸ್ಕಾರ. ಆ ನಡುವೆ ಧೈರ್ಯಗೆಡುವ ಕಾರಣವಿಲ್ಲ.

ಮೌಖಿಕ ಪರೀಕ್ಷೆ ಮುಖ್ಯವಾಗಿ ಆ ವರದಿಗಳ ಮೇಲೇ ನಡೆಯುತ್ತದೆ. ವರದಿ ಕೈಗೆ ಬಂದ ಕೂಡಲೇ ಪ್ರತಿ ಪ್ರಶ್ನೆಯನ್ನೂ ಪ್ರತ್ಯೇಕ ಮಾಡಿ, ಪುಟಸಂಖ್ಯೆ ಸಹಿತ ಉತ್ತರ ಬರೆಯಿರಿ. ಮಂಡನೆಗೆ ಹದಿನೈದು ಸ್ಲೈಡ್ ಸಾಕು, ಅದರಲ್ಲಿ ಅರ್ಧದಷ್ಟು ಫಲಿತಗಳಿಗೆ. ಹಿನ್ನೆಲೆ ಹೇಳುವುದರಲ್ಲೇ ಸಮಯ ಮುಗಿಸುವವರು ಬಹಳ. ಗೊತ್ತಿಲ್ಲದ್ದಕ್ಕೆ ‘ಇದು ನನ್ನ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ’ ಎಂದು ನೇರವಾಗಿ ಹೇಳಬಹುದು, ಪ್ರಸ್ತಾವನೆಯಲ್ಲಿ ಮಿತಿಗಳನ್ನು ಬರೆದಿದ್ದರೆ ಆ ಪುಟವೇ ನಿಮ್ಮ ಆಧಾರ.

ಪದವಿ ಘೋಷಣೆಗೆ ಮೊದಲು ಪ್ರಬಂಧದ ವಿದ್ಯುನ್ಮಾನ ಪ್ರತಿ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಸೇರಬೇಕು. ಆ ಸಂಸ್ಥೆಯ ಶೋಧಗಂಗಾ ಎಂಬ ಪ್ರಬಂಧಗಳ ಜಾಲತಾಣದಲ್ಲಿ ಅದು ಎಲ್ಲರ ಓದಿಗೆ ಸಿಗುತ್ತದೆ. ಪ್ರತಿ ಅಧ್ಯಾಯಕ್ಕೂ ಪ್ರತ್ಯೇಕ ಪಿಡಿಎಫ್, ಕಡತದ ಹೆಸರಿನ ಮೊದಲಿಗೆ 01, 02 ಎಂಬ ಕ್ರಮಸಂಖ್ಯೆ, ಪಾಸ್‌ವರ್ಡ್ ಇಲ್ಲದೆ. ಸ್ಕ್ಯಾನ್ ಮಾಡಿದ ಚಿತ್ರದ ಪುಟಗಳು ಬೇಡ. ಮೌಖಿಕ ಪರೀಕ್ಷೆಯ ನಂತರ ತಿದ್ದಿದ ಪ್ರತಿಯನ್ನೇ ಕೊಡುತ್ತಿದ್ದೀರಿ ಎಂದು ಎರಡು ಸಲ ನೋಡಿಕೊಳ್ಳಿ.

ಅಧಿಸೂಚನೆ ಬಂದ ಮೇಲೆ ತಾತ್ಕಾಲಿಕ ಪದವಿ ಪತ್ರದ ಜೊತೆ, ಪದವಿಯನ್ನು ಯುಜಿಸಿ ನಿಯಮದಂತೆ ನೀಡಲಾಗಿದೆ ಎಂಬ ಒಕ್ಕಣೆ ಇರುವ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಉದ್ಯೋಗಸ್ಥರು ಸೇವಾ ಪುಸ್ತಕದಲ್ಲಿ ಪದವಿ ನಮೂದಿಸಲು ಅರ್ಜಿ ಕೊಡುವಾಗ ಹಂತ 2ರ ಅನುಮತಿ ಆದೇಶದ ಪ್ರತಿಯನ್ನೂ ಲಗತ್ತಿಸಿ.